ಅಳ್ಳಿನ ಕುಲಾವಿ

ನಮ್ಮ ಮನೆತನದಲ್ಲಿ ನನ್ನದೊಂದು ಹೆಸರು ಖಾಯಂ ಆಗಿದೆ: ಆರಂಭಶೂರಿ. ಹಾರ್ಮೋನಿಯಂ ಎಂಟು ತಿಂಗಳು ಕಲಿತೆ. ಕಾರು ಹನ್ನೊಂದು ದಿನ ಕಲಿತೆ. ತಮ್ಮನಿಗೆಂದು ಶುರು ಮಾಡಿದ ಸ್ವೆಟರ್ ಒಂದು ತೋಳಿಗೆ ನಿಂತುಹೋಗಿ, ಕೊನೆಗೆ ಅವ್ವ ಅದನ್ನು ಬಿಸಿ ಬೋಗುಣಿ ಇಳಿಸಲು ಬಳಸಿಕೊಂಡಳು. ಇದನ್ನೆಲ್ಲ ನಾನೇ ಹೇಳಿ ನಗುತ್ತೇನೆ. ಬೇರೆಯವರು ಹೇಳಿದರೆ ಮಾತ್ರ ನನಗೆ ಮೈ ಉರಿಯುತ್ತದೆ.

ತಮ್ಮನ ಹೆಂಡತಿಗೆ ಏಳು ತಿಂಗಳು ತುಂಬಿದಾಗ ನವನಗರದ ಅವಳ ತವರಿನಲ್ಲಿ ಕುಬಸ ಇಟ್ಟುಕೊಂಡಿದ್ದರು. ಬಸುರಿಗೆ ಹಸಿರು ಸೀರೆ ಉಡಿಸಿ, ಹೂ ಮುಡಿಸಿ ಆರತಿ ಮಾಡುವ ದಿನ. ಹೆಂಗಸರೆಲ್ಲ ಜಮಖಾನೆಯ ಮೇಲೆ ಒಬ್ಬರ ಮೇಲೊಬ್ಬರು ಬಿದ್ದು ನಗುತ್ತ ಕೂತಿದ್ದರು. ನನಗೊಬ್ಬಳಿಗೆ ಕುರ್ಚಿ. ತಮ್ಮನ ಅತ್ತೆ, ಅಂದರೆ ನಮ್ಮ ಬೀಗಿತಿ, ಬಾಗಿಲಿಗೆ ಬಂದಾಗಿನಿಂದ ಶುರು ಮಾಡಿದ್ದರು: "ಅಕ್ಕಾರಿಗೆ ಕುರ್ಚಿ ಹಾಕ್ರಿ, ಅಕ್ಕಾರಿಗೆ ಮೊದಲ ಚಾ ಕೊಡ್ರಿ." ಸಪ್ತಾಪುರದ ಒಂದು ಕಾಲೇಜಿನ ಆಫೀಸಿನಲ್ಲಿ ನನಗೆ ನೌಕರಿ. ಅದಕ್ಕೇ ಆ ಮರ್ಯಾದೆ. ಸಾಲಿ ತಪಾಸಣೆಗೆ ಬಂದ ಸಾಹೇಬರ ಹಾಗೆ ಮೇಲೆ ಕೂತು ಚಹಾ ಕುಡಿದೆ.

ಮಾತು ತೊಟ್ಟಿಲ ಕಾರ್ಯಕ್ರಮಕ್ಕೆ ಬಂತು. ಹುಟ್ಟಿದ ಹದಿಮೂರನೆಯ ದಿನ ಕೂಸನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವುದು ನಮ್ಮಲ್ಲಿ ಪದ್ಧತಿ. ಹೆಸರನ್ನು ಕಿವಿಯಲ್ಲಿ ಹೇಳುವವಳು ಸೋದರತ್ತೆ, ತಲೆಗೆ ಕಟ್ಟುವ ಕುಲಾವಿಯನ್ನು ತರುವವಳೂ ಅವಳೇ. ಅಂದರೆ ನಾನು.

"ಅಕ್ಕಾರು ನೌಕರಿ ಮಾಡೋರು, ಹೈರಾಣ ಆಗಬ್ಯಾಡ್ರಿ," ಎಂದರು ಬೀಗಿತಿ. "ಅಂಗಡ್ಯಾಗ ಛಲೋ ಛಲೋ ರೆಡಿಮೇಡ್ ಕುಲಾವಿ ಸಿಗತಾವು. ಒಂದು ತಂದ್ರ ಸಾಕು."

ಬಾಗಿಲಲ್ಲಿ ನಿಂತಿದ್ದ ತಮ್ಮ ಸುಮ್ಮನಿರಬೇಕಲ್ಲ. "ನಮ್ಮಕ್ಕ ಹೆಣಿಯಾಕ ಕುಂತ್ರ ಆ ಕೂಸಿನ ಲಗ್ನಕ್ಕ ಕುಲಾವಿ ಬರತೈತಿ!"

ಜಮಖಾನೆ ಪೂರ್ತಿ ನಕ್ಕಿತು. ನನ್ನ ಬಾಯಿ ನನ್ನ ಕೈಯಲ್ಲಿ ಉಳಿಯಲಿಲ್ಲ. "ನಾನ ಹೆಣಿತೇನಿ," ಎಂದೆ. "ಅದೂ ಸಾದಾ ಅಲ್ಲ, ಮೈತುಂಬ ಉಬ್ಬು ಇರೋದು. ನೋಡ್ತಿರ್ರಿ!" ಅಂಥದೊಂದು ಚಿತ್ರವನ್ನು ಅವತ್ತು ಬೆಳಿಗ್ಗೆ ಫೋನಿನಲ್ಲಿ ನೋಡಿದ್ದೆ, ಅಷ್ಟೇ. ಕ್ರೋಶಾ ಕಡ್ಡಿ ಕೈಬಿಟ್ಟು ಇಪ್ಪತ್ತು ವರ್ಷ ಆಗಿತ್ತು.

ಸಿಟ್ಟಿನಲ್ಲಿ ಆಡಿದ ಮಾತು ಹೌದು. ಆದರೆ ಬರೀ ಸಿಟ್ಟಲ್ಲ. ಅಪ್ಪ, ಅವ್ವ ಇಬ್ಬರೂ ಹೋದ ಮೇಲೆ ನನಗೆ ತವರು ಎಂದು ಉಳಿದವನು ತಮ್ಮನೊಬ್ಬನೇ. ಈಗ ಅವನ ಸುತ್ತ ಹೊಸ ನೆಂಟರು, ಹೊಸ ನಗು. ಆ ನಗುವಿನ ನಡುವೆ ನನಗೆ ಸಿಕ್ಕಿದ್ದು ಕುರ್ಚಿ ಮತ್ತು ಮೊದಲ ಕಪ್ಪು ಚಹಾ. ರೆಡಿಮೇಡ್ ಕುಲಾವಿ ಕೊಟ್ಟು, ಅವರು ಕೊಟ್ಟ ಸೀರೆ ತೆಗೆದುಕೊಂಡು, ಊಟ ಮಾಡಿ ಎದ್ದು ಬರುವ ಅತ್ತೆಯಾದರೆ ಅಲ್ಲಿಗೆ ಮುಗಿಯಿತು. ಆ ಕೂಸಿಗೂ ನಾನು ಮರ್ಯಾದೆಯ ನೆಂಟಳೇ ಆಗಿ ಉಳಿಯುತ್ತೇನೆ. ಅದನ್ನು ನೆನೆಸಿದರೆ ನನಗೆ ಖರೇನೇ ಹೆದರಿಕೆಯಾಗುತ್ತಿತ್ತು.

ಮರುದಿನವೇ ದಾರ ತಂದೆ. ಫೋನಿನ ವಿಡಿಯೊದಲ್ಲಿ ಯಾವುದೋ ದೇಶದ ಹೆಂಗಸಿನ ಎರಡು ಕೈಗಳು ಹೆಣೆಯುತ್ತಿದ್ದವು. ಅದರ ಹೆಸರು ಪಾಪ್‌ಕಾರ್ನ್ ಹೊಲಿಗೆಯಂತೆ. ಆ ವೇಗಕ್ಕೆ ನನಗೆ ಸರಿಯಾಗಿ ಕಂಡದ್ದು ಅವಳ ಉಗುರಿನ ಬಣ್ಣ ಮಾತ್ರ. ಆದರೂ ಬಿಡದೆ ನಾಲ್ಕು ಸಾಲು ಹೆಣೆದೆ. ಉಬ್ಬೇನೋ ಬಂದವು, ಒಂದು ಸಾಲಿನವು ಮುಂದಕ್ಕೆ, ಇನ್ನೊಂದು ಸಾಲಿನವು ಹಿಂದಕ್ಕೆ. ನಮ್ಮ ಯಜಮಾನರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಇದಕ್ಕ ಮೈಮ್ಯಾಲ ಪಿತ್ತದ ಗಂಧಿ ಎದ್ದಾವೇನು?" ಎಂದು ಕೇಳಿದರು. ಆ ದಿನ ಅವರಿಗೆ ಮಧ್ಯಾಹ್ನದ ಚಹಾ ಸಿಗಲಿಲ್ಲ.

ನಾವಿರುವುದು ಧಾರವಾಡದ ಮಾಳಮಡ್ಡಿಯಲ್ಲಿ. ನಮ್ಮಿಂದ ಎರಡು ಮನೆ ಆಚೆ ಒಬ್ಬ ಟೀಚರ್ ಇದ್ದಾರೆ. ಮಿಶನ್ ಸಾಲಿಯಲ್ಲಿ ಕಲಿಸಿ ನಿವೃತ್ತರಾದವರು. ಅವರ ಅಜ್ಜಿ ಅಂಥದೇ ಒಂದು ಸಾಲಿಯಲ್ಲಿ ಹೊಲಿಗೆ ಕಲಿತವರಂತೆ. ಕ್ರಿಸ್‌ಮಸ್ಸಿಗೆ ಅವರ ಮನೆಯಿಂದ ಕೇಕು ಬರುತ್ತದೆ, ದೀಪಾವಳಿಗೆ ನಮ್ಮ ಮನೆಯಿಂದ ಕರಿಗಡಬು ಹೋಗುತ್ತದೆ. ಇಷ್ಟು ವರ್ಷ ಅವರ ಸೋಫಾದ ಬೆನ್ನಿನ ಮೇಲಿದ್ದ ಬಿಳಿ ಕ್ರೋಶಾ ಬಟ್ಟೆಗೆ ಒರಗಿ ಕೂತು ಹರಟೆ ಹೊಡೆದಿದ್ದೆನೇ ಹೊರತು ಅದನ್ನು ಕಣ್ಣಿಟ್ಟು ನೋಡಿರಲಿಲ್ಲ. ಅವತ್ತು ನನ್ನ ಹೆಣಿಗೆ ಹಿಡಿದುಕೊಂಡು ಹೋದಾಗ ನೋಡಿದೆ. ಅಂಚಿನ ತುಂಬ ಅದೇ ಉಬ್ಬು, ಸಾಲಾಗಿ!

ಟೀಚರ್ ನನ್ನ ನಾಲ್ಕು ಸಾಲನ್ನು ಕನ್ನಡಕ ಏರಿಸಿ ಪರೀಕ್ಷೆ ಮಾಡಿದರು. "ಇದೇನವಾ ಇದು? ಅರ್ಧ ಈ ಕಡೆ ನಗಾಕತ್ತಾವು, ಅರ್ಧ ಆ ಕಡೆ ನಗಾಕತ್ತಾವು. ಬಿಚ್ಚು."

"ಪೂರಾ ಬಿಚ್ಚಬೇಕೇನ್ರಿ?"

"ಪೂರಾ. ನನ್ನ ಮುಂದ."

ಬಿಚ್ಚಿದೆ. ಅವರು ಕಡ್ಡಿ ತೆಗೆದುಕೊಂಡರು. "ನಮ್ಮಜ್ಜಿ ಇದಕ್ಕ ಅಳ್ಳು ಅಂತಿದ್ದಳು. ಪಂಚಮಿಗೆ ಜ್ವಾಳದ ಅಳ್ಳು ಹುರಿತೀರೆಲ್ಲ, ಕಾಳು ಹ್ಯಾಂಗ ಪಟ್ ಅಂತ ಅರಳತೈತಿ, ಹಂಗ ಅರಳಬೇಕು."

ಒಂದೇ ತೂತಿನಲ್ಲಿ ಐದು ಕಂಬ. ಕ್ರೋಶಾದಲ್ಲಿ ಕಂಬ ಎಂದರೆ ಕಡ್ಡಿಗೆ ದಾರ ಸುತ್ತಿ ಎಬ್ಬಿಸುವ ನೆಟ್ಟನೆಯ ಹೆಣಿಗೆ. ಐದೂ ಒಂದೇ ಬುಡದಿಂದ ಬೀಸಣಿಗೆಯ ಹಾಗೆ ಹರಡಿಕೊಳ್ಳುತ್ತವೆ. ಆಮೇಲೆ ಕಡ್ಡಿಯನ್ನೇ ಹೊರಗೆ ತೆಗೆದುಬಿಡಬೇಕು. ಆಗ ದಾರದ ಕುಣಿಕೆ ಗಾಳಿಯಲ್ಲಿ ನಿಂತಿರುತ್ತದೆ, ಹೊಸಬರಿಗೆ ಎದೆ ಝಲ್ಲೆನ್ನುವ ಗಳಿಗೆ ಅದು. ಕಡ್ಡಿಯನ್ನು ಮೊದಲನೆಯ ಕಂಬದ ನೆತ್ತಿಯಲ್ಲಿ ತೂರಿಸಿ, ಆ ಕುಣಿಕೆಯನ್ನು ಹಿಡಿದು ಅದರೊಳಗಿಂದ ಎಳೆದುಕೊಂಡರೆ ಐದು ಕಂಬಗಳೂ ಒಟ್ಟಿಗೆ ಉಬ್ಬಿ ನಿಲ್ಲುತ್ತವೆ. ಮೇಲೊಂದು ಸರಪಳಿ ಹಾಕಿ ಬೀಗ ಜಡಿಯಬೇಕು. ಇಷ್ಟನ್ನು ವಿಡಿಯೊದವಳೂ ಮಾಡಿದ್ದಳು. ನನಗೆ ತಪ್ಪಿದ್ದು ಮುಂದಿನದು. "ಹೋಗೂ ಸಾಲಿನ್ಯಾಗ ಮುಂದಿನಿಂದ ಚುಚ್ಚು, ಬರೂ ಸಾಲಿನ್ಯಾಗ ಹಿಂದಿನಿಂದ ಚುಚ್ಚು. ಆವಾಗ ಎಲ್ಲಾ ಒಂದ ಕಡೆ ಅರಳತಾವು. ಕೂಸಿನ ನೆತ್ತಿ ಇನ್ನೂ ಕೂಡಿರೂದಿಲ್ಲ. ಒಳಗ ಒಂದು ಅಳ್ಳು ಉಳಿದ್ರೂ ಒತ್ತತೈತಿ."

ಬರುವ ಸಾಲಿನಲ್ಲಿ ಹಿಂದಿನಿಂದ ಚುಚ್ಚಿ ಎಳೆದೆ. ಉಬ್ಬು ಬೆರಳ ಕೆಳಗಿಂದ ಆಚೆ ಪುಟಿಯಿತು. ತಿರುಗಿಸಿ ನೋಡಿದರೆ ಹಿಂದಿನ ಸಾಲಿನ ಜೊತೆಗೇ, ಒಂದೇ ಕಡೆ! "ಬಂತು!" ಎಂದು ನಾನು ಒದರಿದ್ದಕ್ಕೆ ಟೀಚರ್ ಮನೆಯ ಬೆಕ್ಕು ಮಂಚದ ಕೆಳಗೆ ಓಡಿತು. ನಲವತ್ತಾರನೆಯ ವಯಸ್ಸಿನಲ್ಲಿ ಒಂದು ದಾರದ ಗಂಟಿಗೆ ಇಷ್ಟು ಖುಷಿ ಆಗಬಹುದು ಎಂದು ನನಗೆ ಗೊತ್ತಿರಲಿಲ್ಲ. ಮನೆಗೆ ಹೋಗುವಾಗ ದಾರಿಯಲ್ಲಿ ಸಿಕ್ಕ ಇಬ್ಬರಿಗೆ ಅದನ್ನು ತೋರಿಸಿದೆ. ಅವರಲ್ಲಿ ಒಬ್ಬ ತರಕಾರಿ ಮಾರುವವನು. "ಛಲೋ ಐತ್ರಿ, ಯಾತಕ್ಕ ಬರತೈತಿ ಇದು?" ಎಂದು ಕೇಳಿದ.

ಅದೇ ತೊಂದರೆ. ಯಾವುದಕ್ಕೂ ಬರುವಂತಿರಲಿಲ್ಲ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದರು ಎಂಬ ಗಾದೆಯನ್ನು ನಾವು ಬೇರೆಯವರ ಅವಸರಕ್ಕೆ ನಗಲು ಬಳಸುತ್ತೇವೆ. ಆದರೆ ನಮ್ಮ ಕಡೆ ಅದು ಬರೀ ಗಾದೆಯಲ್ಲ, ಕಾಯಿದೆ. ಕೂಸು ಹೊಟ್ಟೆಯಲ್ಲಿರುವಾಗ ಕುಲಾವಿಗೆ ಕೈ ಹಚ್ಚಬಾರದು. ನಾನು ಇಂಥದ್ದನ್ನೆಲ್ಲ ನಂಬುವವಳಲ್ಲ ಎಂದು ಆಫೀಸಿನಲ್ಲಿ ಭಾಷಣ ಮಾಡುವವಳು. ಆದರೂ ಧೈರ್ಯ ಬರಲಿಲ್ಲ. ಟೀಚರ್ ಆದರೂ ಒಪ್ಪಿಗೆ ಕೊಟ್ಟಾರು ಎಂದು ಕೇಳಿದರೆ, "ದೇವರು ಕೊಟ್ಟ ಮ್ಯಾಲ ಹೆಣಿಯೂದು," ಎಂದರು. ಈ ವಿಷಯದಲ್ಲಿ ಅವರ ದೇವರು, ನಮ್ಮ ದೇವರು ಮೊದಲೇ ಮಾತಾಡಿಕೊಂಡಂತಿತ್ತು.

ಆದ್ದರಿಂದ ಎರಡು ತಿಂಗಳು ಕುಲಾವಿ ಒಂದನ್ನು ಬಿಟ್ಟು ಮಿಕ್ಕೆಲ್ಲ ಹೆಣೆದೆ. ನೀರಿನ ಬಾಟಲಿಗೆ ಅಳ್ಳಿನ ಅಂಗಿ ಬಂತು. ಉಪ್ಪಿನಕಾಯಿ ಭರಣಿಗೆ, ಟಿ.ವಿ. ರಿಮೋಟಿಗೆ, ಯಜಮಾನರ ಕನ್ನಡಕಕ್ಕೆ ಬಂತು. "ರಾತ್ರಿ ಮಲಗಿದಾಗ ನನಗೂ ಒಂದು ಚೀಲ ಹೆಣದು ಹಾಕಿಗೀಕಿಯಾ," ಎಂದು ಅವರು ಹೆದರಿದಂತೆ ಮಾಡಿದರು. ಒಂದು ದಿನ ಕೈಯಲ್ಲಿದ್ದದ್ದು ತನ್ನಷ್ಟಕ್ಕೆ ದುಂಡಗಾಗಿ ಟೊಪ್ಪಿಗೆಯ ಆಕಾರ ತಾಳತೊಡಗಿತು. ಗಾಬರಿಯಾಗಿ ಅದನ್ನು ದೇವರ ಮನೆಯ ತಂಬಿಗೆಗೆ ಹಾಕಿ ಕೈ ಮುಗಿದೆ.

ಕಾರ್ತಿಕ ಕಳೆದು ಚಳಿ ಬಿದ್ದ ಮೇಲೆ ಒಂದು ಮುಂಜಾನೆ ಫೋನು ಬಂತು. "ಅಕ್ಕಾ, ಹೆಣ್ಣು!" ಎಂದ ತಮ್ಮ. ಇಬ್ಬರೂ ಫೋನು ಹಿಡಿದು ಅತ್ತೆವು. ಆಮೇಲೆ ನಾನು ಒಲೆಯ ಮೇಲಿದ್ದ ಹಾಲನ್ನು ಮರೆತು, ಬೆಣ್ಣೆ ಬಣ್ಣದ ಹತ್ತಿ ದಾರದ ಉಂಡೆ ಬಿಚ್ಚಿ, ಅಡುಗೆಮನೆಯಲ್ಲಿ ನಿಂತೇ ಮೊದಲ ಸರಪಳಿ ಹಾಕಿದೆ. ಹಾಲು ಉಕ್ಕಿ ಒಲೆಯ ಪಾಲಾಯಿತು.

ಕೂಸಿನ ತಲೆಯ ಅಳತೆ ಬೇಕಿತ್ತು. ಹೋಗಿ ನೋಡೋಣವೆಂದರೆ ನನಗೆ ನೆಗಡಿ, ಗೊಗ್ಗರು ಕೆಮ್ಮು. ಎಳೆಗೂಸಿನ ಹತ್ತಿರ ಬಿಡುವ ಮಾತೇ ಇರಲಿಲ್ಲ. ತಮ್ಮನಿಗೆ ಫೋನು ಮಾಡಿ ಅಳೆದು ಹೇಳಲು ಹೇಳಿದೆ.

"ಟೇಪ್ ಎಲ್ಲೈತಿ ಇಲ್ಲಿ? ತಡಿ, ಗೇಣು ಹಾಕಿ ನೋಡ್ತೇನಿ... ತಲಿ ಸುತ್ತ ಸರಿಯಾಗಿ ಒಂದೂವರಿ ಗೇಣು."

ಒಂದೂವರೆ ಗೇಣು! ಅಳತೆ ಸಿಕ್ಕಿದ ಖುಷಿಯಲ್ಲಿ ನನ್ನ ಕೈಯನ್ನು ಅಗಲಿಸಿ, ದಾರದ ಮೇಲೆ ಹೆಬ್ಬೆರಳಿನಿಂದ ಕಿರುಬೆರಳವರೆಗೆ ಒಂದು, ಆಮೇಲೆ ಅರ್ಧ ಅಳೆದು ಗುರುತು ಹಾಕಿಕೊಂಡೆ.

ಎಡ ಕೆನ್ನೆಗೊಂದು, ಬಲ ಕೆನ್ನೆಗೊಂದು ಭಾಗ ಹೆಣೆದು, ಹಣೆಯಿಂದ ಕುತ್ತಿಗೆಯವರೆಗೆ ನಡುವೆ ಕೂಡಿಸುವ ಕುಲಾವಿ ಅದು. ಊಟದ ಬಿಡುವಿನಲ್ಲಿ ಹೆಣೆದೆ, ಚಿಗರಿ ಬಸ್ಸಿಗೆ ಕಾಯುವಾಗ ಹೆಣೆದೆ, ಕೆಮ್ಮುತ್ತ ಹೆಣೆದೆ. ಏಳನೆಯ ದಿನ ಬಲಭಾಗ ಕೈಗೆ ಬರದೆ, ಹಳೆಯ ಸೋಮಾರಿತನ ಎದ್ದು ಬಂದು, ಇನ್ನು ಸಾಕು ಅನಿಸಿತ್ತು. ಕುರ್ಚಿಯ ನೆನಪಾಗಿ ಮತ್ತೆ ಕೂತೆ. ಹನ್ನೆರಡನೆಯ ದಿನ ಮುಗಿಸಿ ಟೀಚರಿಗೆ ಒಪ್ಪಿಸಿದೆ. ಅವರು ಒಳಮೈ ಸವರಿ ನೋಡಿದರು. ಎಲ್ಲೂ ಒಂದು ಅಳ್ಳು ಒಳಗೆ ಉಳಿದಿರಲಿಲ್ಲ. "ಸ್ವಲ್ಪ ಸಣ್ಣದು ಕಾಣತೈತೆಲ್ಲ?" ಎಂದು ತಮ್ಮ ಗೇಣು ಹಾಕಿದರು. ಸರಿಯಾಗಿ ಒಂದೂವರೆ. ಇಬ್ಬರೂ ನಿಶ್ಚಿಂತರಾದೆವು.

ಅಷ್ಟೊತ್ತಿಗೆ ನನ್ನ ಕೆಮ್ಮೂ ಪೂರ್ತಿ ಹೋಗಿತ್ತು. ಮರುದಿನ ನಾನು ಧಾರವಾಡದಿಂದ ನವನಗರಕ್ಕೆ ಬಸ್ಸಿನಲ್ಲಿ ಹೋಗಲಿಲ್ಲ, ಹಾರಿ ಹೋದೆ ಅನ್ನಬೇಕು. ಉಳಿದ ದಾರದಲ್ಲಿ ದಾರಿಯಲ್ಲೇ ಒಂದು ಕಾಲುಚೀಲ ಶುರು ಮಾಡಿದ್ದೆ. ಆರಂಭಶೂರಿ ಸುಮ್ಮನೆ ಇರುತ್ತಾಳೆಯೇ!

ಮನೆ ತುಂಬ ಜನ. ಹೂ ಸುತ್ತಿದ ತೊಟ್ಟಿಲು, ಹರಿವಾಣದಲ್ಲಿ ಗುಗ್ಗರಿ, ಹಾಡುವ ಹೆಂಗಸರು. ಹನ್ನೆರಡರ ಒಳಗೆ ತೊಟ್ಟಿಲಿಗೆ ಹಾಕಬೇಕು ಎಂದಿದ್ದರು. ಆಗ ಹನ್ನೊಂದೂ ಕಾಲು. ಮೊದಲ ಸಲ ಕೂಸನ್ನು ನನ್ನ ತೊಡೆಯ ಮೇಲೆ ಇಟ್ಟರು. ಅವ್ವನದೇ ಗದ್ದ! ನಾನು ಕುಲಾವಿ ತೆಗೆದಾಗ ಕೋಣೆಯಲ್ಲಿ "ಅಯ್ಯ, ಎಷ್ಟು ಛಂದ ಐತ್ರಿ" ಎಂಬ ಮಾತು ಎದ್ದಿತು. ನನ್ನ ಎದೆ ಒಂದು ಗೇಣು ಉಬ್ಬಿತು. ಕುಲಾವಿಯನ್ನು ಕೂಸಿನ ತಲೆಗೆ ಇಟ್ಟೆ.

ಅದು ಕಿವಿಯ ಮೇಲೆಯೇ ನಿಂತಿತು. ಮೆಲ್ಲಗೆ ಎಳೆದೆ. ಇಳಿಯಲಿಲ್ಲ. ಇನ್ನೊಂದಿಷ್ಟು ಎಳೆದಾಗ ಕೂಸು ಕೆಂಪಗಾಗಿ ಚಿಟ್ಟನೆ ಚೀರಿತು.

ಗಂಡಸರ ನಡುವೆ ಕೂತಿದ್ದ ತಮ್ಮನನ್ನು ಕರೆಸಿದೆ. "ಒಂದೂವರಿ ಗೇಣು ಅಂದಿದ್ದೆಲ್ಲೋ!"

"ಹೌದು, ಒಂದೂವರಿ ಗೇಣ!" ಎಂದು ಅವನು ತನ್ನ ಕೈ ಅಗಲಿಸಿ ತೋರಿಸಿದ. ಆರಡಿಯ ಆಳು. ಪಕ್ಕದಲ್ಲಿ ನನ್ನ ಕೈ ಅಗಲಿಸಿದೆ. ಅವನ ಒಂದು ಗೇಣು ನನ್ನದಕ್ಕಿಂತ ಮೂರು ಬೆರಳು ಜಾಸ್ತಿ. ಯಾರ ಗೇಣು ಎಂದು ಕೇಳಬೇಕೆಂದು ನನಗೂ ತೋಚಿರಲಿಲ್ಲ, ಇಡೀ ಜನ್ಮ ಮಕ್ಕಳಿಗೆ ಗಣಿತ ಕಲಿಸಿದ ಟೀಚರಿಗೂ ತೋಚಿರಲಿಲ್ಲ.

ಕೋಣೆ ಬಿದ್ದು ಬಿದ್ದು ನಕ್ಕಿತು. ನಾನು ನಗಲಿಲ್ಲ. ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಬೀಗಿತಿ ಕಪಾಟು ತೆಗೆದು ಪ್ಲಾಸ್ಟಿಕ್ ಕವರಿನಲ್ಲಿದ್ದ ಗುಲಾಬಿ ಬಣ್ಣದ ಕುಲಾವಿ ತಂದರು. "ಇರಲಿ ಅಂತ ಒಂದು ತಂದಿಟ್ಟಿದ್ದೆ, ಅಕ್ಕಾರ. ಮನಸಿಗೆ ಹಚ್ಚಿಕೋಬ್ಯಾಡ್ರಿ."

ಮೊದಲೇ ತಂದಿಟ್ಟಿದ್ದರು! ನಾನು ಮುಗಿಸುವುದಿಲ್ಲ ಎಂದು ಇಲ್ಲಿಯವರೆಗೂ ಸುದ್ದಿ ಮುಟ್ಟಿತ್ತು. ಅಳು ಅಲ್ಲೇ ಆರಿ ಸಿಟ್ಟು ಏರಿತು. "ಅದನ್ನ ಒಳಗ ಇಡ್ರಿ," ಎಂದೆ. "ನನಗ ಅರ್ಧ ತಾಸು ಕೊಡ್ರಿ. ಒಂದು ಕತ್ತರಿ ಕೊಡ್ರಿ."

ಬೀಗಿತಿ ನನ್ನ ಮುಖ ನೋಡಿದರು. ಕೈಯಲ್ಲಿದ್ದ ಕವರು ನೋಡಿದರು. ಅದನ್ನು ಕಪಾಟಿಗೆ ಹಾಕಿ, ಕತ್ತರಿ ತಂದುಕೊಟ್ಟು ಹೆಂಗಸರ ಕಡೆ ತಿರುಗಿದರು. "ಸ್ವಾದರತ್ತಿ ಕುಲಾವಿ ಬರೂತನಾ ಕೂಸು ತೊಟ್ಟಲಕ್ಕ ಏರೂದಿಲ್ಲ. ಹಾಡ್ರಿ ಇನ್ನೊಂದು."

ತೊಟ್ಟಿಲ ಬುಡದಲ್ಲೇ ಕೂತು ನಡುವಿನ ಹೊಲಿಗೆ ಬಿಚ್ಚಿದೆ. ಎಡಭಾಗದ ಅಂಚಿನಿಂದ ಕಂಬ ಎಬ್ಬಿಸಿ, ನಾಲ್ಕು ಬೆರಳು ಅಗಲದ ಪಟ್ಟಿ ಸೇರಿಸಿ, ಮತ್ತೆ ಬಲಭಾಗಕ್ಕೆ ಕೂಡಿಸುವುದು ನನ್ನ ಲೆಕ್ಕ. ಕಾಲುಚೀಲಕ್ಕೆಂದು ಇಟ್ಟುಕೊಂಡಿದ್ದ ದಾರ ಅಲ್ಲಿಗೆ ಕೆಲಸಕ್ಕೆ ಬಂತು. ಬೀಗಿತಿ ನನ್ನೆದುರು ಚಕ್ಕಂಬಕ್ಕಳ ಹಾಕಿ ಕೂತು, ಉಂಡೆಯನ್ನು ಕೈಯಲ್ಲಿ ಹಿಡಿದು, ದಾರ ಬಿಗಿಯದಂತೆ ಬಿಡತೊಡಗಿದರು. ಎರಡು ಸಾಲು ಆಗುವಷ್ಟರಲ್ಲಿ ಅವರಿಗೆ ತಡೆಯಲಾಗಲಿಲ್ಲ.

"ಅಲ್ಲಾ, ಎರಡೂ ಕಡೆ ಅಳ್ಳು, ನಡುವ ಬೋಳು. ಹುಡುಗಿ ನಡುನೆತ್ತಿ ಹಿಂಗ ಸಪ್ಪಗ ಇರಬೇಕೇನು? ಅಲ್ಲೂ ಒಂದು ಸಾಲು ಹಾಕು."

"ಒಂದೊಂದು ಅಳ್ಳಿಗೆ ಐದೈದು ಕಂಬ್ರಿ. ಟೈಮ್ ಆಗತೈತಿ."

"ನಾವು ಹಾಡತೇವಿ. ನೀ ಹಾಕು."

ಹಾಕಿದೆ. ಒಂದು, ಎರಡು, ಮೂರು, ನಾಲ್ಕು, ಐದು, ಕಡ್ಡಿ ತೆಗಿ, ಎಳಿ, ಬೀಗ. ತೊಟ್ಟಿಲ ಪದಗಳು ಮುಗಿದವು. ಆರತಿ ಪದಗಳು ಬಂದವು, ಅವೂ ಮುಗಿದವು. ಮೂಲೆಯಲ್ಲಿದ್ದ ಒಬ್ಬ ಅಜ್ಜಿ ಬೀಸುವ ಪದ ಎತ್ತಿಕೊಂಡಳು. ಅದರ ಹಿಂದೆ ಮದುವೆಯಲ್ಲಿ ಗಂಡಿನ ಕಡೆಯವರನ್ನು ಬೈಯುವ ಹಾಡು ಬಂತು. ಕೂಸಿನ ತೊಟ್ಟಿಲಿಗೆ ಬೀಗರನ್ನು ಬೈಯುವ ಹಾಡು! ಬೈಸಿಕೊಳ್ಳುವ ಕಡೆಯವಳು ನಾನೊಬ್ಬಳೇ. ನಗುತ್ತ, ಬೆವರುತ್ತ, ಐದೈದು ಎಣಿಸುತ್ತ ಹೆಣೆದೆ. ಕೈ ಎಂದೂ ಹಾಗೆ ಓಡಿರಲಿಲ್ಲ. ವಿಡಿಯೊದವಳು ಬಂದು ನೋಡಬೇಕಿತ್ತು.

ಹನ್ನೆರಡಕ್ಕೆ ಐದು ನಿಮಿಷ ಇರುವಾಗ ದಾರದ ತುದಿಯನ್ನು ಒಳಗೆ ಅಡಗಿಸಿ ಕತ್ತರಿಸಿದೆ. ಕುಲಾವಿ ಹಣೆಗೆ, ಕಿವಿಗೆ, ಕುತ್ತಿಗೆಗೆ ಸರಿಯಾಗಿ ಕೂತಿತು. ಹಾಲು ಕುಡಿದು ಮಲಗಿದ್ದ ಕೂಸಿಗೆ ಎಚ್ಚರವೂ ಆಗಲಿಲ್ಲ. ನಾನು ಮುಗಿಸಿದ್ದೆ. ಒಂದು ಕೆಲಸವನ್ನು ಮೊದಲಿಂದ ಕೊನೆಯತನಕ ಮುಗಿಸಿದ್ದೆ.

ಕೂಸನ್ನು ತೊಟ್ಟಿಲಿಗೆ ಹಾಕಿದರು. ಇನ್ನು ಹೆಸರು. ನಮ್ಮಲ್ಲಿ ಸೋದರತ್ತೆ ಬಗ್ಗಿ ಕಿವಿಯಲ್ಲಿ ಕುರ್‍ರ್ ಎಂದು ಹೆಸರು ಉಸುರುತ್ತಿದ್ದಂತೆ ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ಗುದ್ದು ಬಿದ್ದಷ್ಟೂ ಶುಭ. ನಾನು ಬಗ್ಗಿದೆ. ತಮ್ಮ ಮುಂಜಾನೆ ಗುಟ್ಟಾಗಿ ಹೇಳಿದ್ದ ಹೆಸರು ತಲೆಯಿಂದ ಪೂರ್ತಿ ಹಾರಿಹೋಗಿತ್ತು. ಬಾಯಿಗೆ ಬಂದದ್ದು, "ಕುರ್‍ರ್... ಒಂದು, ಎರಡು, ಮೂರು, ನಾಲ್ಕು, ಐದು."

"ಏ ಹುಚ್ಚಿ, ಹೆಸರ ಹೇಳ ಲಗೂನ!" ಎಂದು ಬೀಗಿತಿ ಬೆನ್ನಿಗೆ ಧಡ್ ಎಂದು ಒಂದು ಹಾಕಿದರು. ಆ ಏಟಿಗೆ ಹೆಸರು ನೆನಪಾಯಿತು. ಹೇಳಿದೆ. ಆಮೇಲೆ ಎಲ್ಲ ಕೈಗಳೂ ಒಟ್ಟಿಗೆ ಬಿದ್ದವು.

ಬೆನ್ನು ಸವರಿಕೊಳ್ಳುತ್ತ ನೆಟ್ಟಗೆ ನಿಂತೆ. ಗುದ್ದಿದವರೆಲ್ಲ ಗುಗ್ಗರಿಯ ಕಡೆ ಹೊರಟಿದ್ದರು. ಅಷ್ಟರಲ್ಲಿ ಮತ್ತೊಂದು ಗುದ್ದು ಬಿತ್ತು, ಮೊದಲಿನದಕ್ಕಿಂತ ಜೋರಾಗಿ. ತಿರುಗಿದರೆ ಬೀಗಿತಿ.

"ಹೆಸರ ಹೇಳಿದೆನೆಲ್ಲರಿ! ಇದು ಯಾತಕ್ಕ?"

"ಇದು ಕುಲಾವಿಗೆ," ಎಂದರು.